ನಮ್ಮ ರಕ್ತ ತಗೊಂಡು ಹೋದಿರಿ, ಅದರಲ್ಲಿ ಏನು ಕಂಡಿತು ಅಂತ ಹೇಳಲೇ ಇಲ್ಲ

ಇವರಿಗೆ,
ಆಟೊಇಮ್ಯೂನ್ ಕಾಯಿಲೆಗಳಲ್ಲಿ (ಮೈಯ ರೋಗನಿರೋಧಕ ಶಕ್ತಿ ಮೈಮೇಲೇ ತಿರುಗಿಬೀಳುವ ಕಾಯಿಲೆಗಳು) ರೋಗನಿರೋಧಕ ಜೀವಕೋಶಗಳ ಸಿಗ್ನಲ್‌ಗಳ ಬಗ್ಗೆ ಸಂಶೋಧನೆ ಮಾಡುತ್ತಿರುವ ನಮ್ಮ ರಾಜ್ಯದ ವಿಜ್ಞಾನಿಗಳು, ವೈದ್ಯರು ಮತ್ತು ಆ ಕೆಲಸಕ್ಕೆ ಸರ್ಕಾರದ ಹಣ ಮಂಜೂರು ಮಾಡುವ ಅಧಿಕಾರಿಗಳು.

ಮಾನ್ಯರೇ,

ನಮಸ್ಕಾರ. ನಾನು ಕೊಡಗಿನ ನಾಪೋಕ್ಲು ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಟೀಚರ್. ವಯಸ್ಸು 53. ಕೀಲುಗಳು ಊದಿ ಬಿಗಿಯುವ ರುಮಟಾಯ್ಡ್ ಆರ್ಥ್ರೈಟಿಸ್ ಅನ್ನುವ ಅಂಥದ್ದೇ ಕಾಯಿಲೆ ಶುರುವಾಗಿ ಹತ್ತು ವರ್ಷ ದಾಟಿದೆ. ನಾನು ನಿಮಗೆ ಗೊತ್ತಿಲ್ಲ, ಆದರೆ ನನ್ನ ರಕ್ತ ನಿಮ್ಮಲ್ಲಿ ಯಾರಿಗೋ ಗೊತ್ತು. ಎರಡು ಸಲ ಕೊಟ್ಟಿದ್ದೇನೆ, ಒಟ್ಟು ಎಂಟು ಟ್ಯೂಬ್. ಅದರ ಬಗ್ಗೆಯೇ ಈ ಪತ್ರ. ಮೊದಲೇ ಹೇಳಿಬಿಡುತ್ತೇನೆ, ಯಾವ ಆಸ್ಪತ್ರೆ, ಯಾವ ಲ್ಯಾಬ್ ಅಂತ ಇಲ್ಲಿ ಬರೆಯುವುದಿಲ್ಲ. ಒಬ್ಬರ ಹೆಸರು ಬರೆದರೆ ಉಳಿದವರೆಲ್ಲ "ಸದ್ಯ, ಅದು ನಾವಲ್ಲ" ಅಂತ ಪುಟ ತಿರುಗಿಸಿಬಿಡುತ್ತೀರಿ.

2014ರ ಜೂನ್. ಶಾಲೆ ಶುರುವಾಗಿ ಎರಡು ವಾರ ಆಗಿತ್ತು. ಮಳೆ ಹಿಡಿದಿತ್ತು. ನಮ್ಮ ಕಡೆ ಮಳೆ ಹಿಡಿಯಿತು ಅಂದರೆ ಗೋಡೆ ಕೂಡ ಬೆವರುತ್ತದೆ, ಒಗೆದ ಬಟ್ಟೆ ಒಲೆ ಮೇಲೆ ಕಟ್ಟಿದ ಹಗ್ಗದಲ್ಲೇ ಒಣಗಬೇಕು. ಮೊದಲ ಪೀರಿಯಡ್‌ನಲ್ಲಿ ಬೋರ್ಡ್ ಮೇಲೆ ಬರೆಯಲು ಸೀಮೆಸುಣ್ಣ ಹಿಡಿದೆ, ಬೆರಳು ಮಡಚಲಿಲ್ಲ. ಸೀಮೆಸುಣ್ಣ ಬಿತ್ತು. ಮುಂದಿನ ಬೆಂಚಿನ ಹುಡುಗ ಎತ್ತಿಕೊಟ್ಟ, ಮತ್ತೆ ಬಿತ್ತು. ಮೂರನೇ ಸಲ ಮಕ್ಕಳು ನಕ್ಕರು, ನಾನೂ ನಕ್ಕೆ. ಹನ್ನೊಂದು ಗಂಟೆ ಹೊತ್ತಿಗೆ ಬೆರಳು ತಾನಾಗಿಯೇ ಸಡಿಲವಾಯಿತು, ಹಾಗಾಗಿ ಮರೆತೂಬಿಟ್ಟೆ. ಮಾರನೇ ದಿನವೂ ಹಾಗೇ ಆಯಿತು. ಆ ವರ್ಷದ ಪುತ್ತರಿ, ನಮ್ಮ ಸುಗ್ಗಿ ಹಬ್ಬದ ಹೊತ್ತಿಗೆ ಎರಡೂ ಕೈಯ ಗೆಣ್ಣುಗಳು ಊದಿ, ನೂಲ್‌ಪುಟ್ಟು ಒತ್ತಲು ಕೂತರೆ ನಮ್ಮನೆಯವರನ್ನು ಕರೆಯಬೇಕಾಗಿತ್ತು.

ಎಲ್ಲರೂ ವಾತ ಅಂದರು. ನಮ್ಮಲ್ಲಿ ಕೀಲಿಗೆ ಸಂಬಂಧಪಟ್ಟಿದ್ದೆಲ್ಲ ವಾತವೇ, ಸವೆತವಾದರೂ ಅಷ್ಟೇ, ಇನ್ನೊಂದಾದರೂ ಅಷ್ಟೇ. ಒಬ್ಬ ಡಾಕ್ಟರ್ ಚಿಕುನ್‌ಗುನ್ಯಾದ ಉಳಿಕೆ ಅಂದರು. ಇನ್ನೊಬ್ಬರು ಕ್ಯಾಲ್ಸಿಯಂ ಮಾತ್ರೆ ಕೊಟ್ಟರು. ಪಕ್ಕದ ಮನೆಯ ಅಜ್ಜಿ, ನಮ್ಮ ಆಟಿ ತಿಂಗಳಾದ ಕಕ್ಕಡದ 18ನೇ ದಿನಕ್ಕೆ ಮದ್ದುಸೊಪ್ಪಿನ ಪಾಯಸ ಒಂದು ಲೋಟ ಸಾಲದು, ಮೂರು ಕುಡಿ ಅಂದರು. ಕುಡಿದೆ. ಅದರ ಪರಿಮಳ ನನಗೆ ಹೇಗೂ ಇಷ್ಟ. ಮಾರನೇ ದಿನ ಮೂತ್ರದ ಬಣ್ಣ ಬದಲಾಗುತ್ತದೆ, ಮದ್ದು ಮೈಗೆ ಹಿಡಿದಿದೆ ಅನ್ನುವುದಕ್ಕೆ ಅದೇ ಸಾಕ್ಷಿ ಅಂತ ನಮ್ಮಲ್ಲಿ ನಂಬಿಕೆ. ಮುಂದೆ ಈ ಕಾಯಿಲೆಗೆ ಸಲ್ಫಾಸಲಜೀನ್ ಅನ್ನುವ ಮಾತ್ರೆ ಶುರು ಮಾಡಿದಾಗ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು, ಆಗಲೂ ಅಜ್ಜಿ ಖುಷಿಪಟ್ಟರು. ಕಾಯಿಲೆಗೆ ಸರಿಯಾದ ಹೆಸರು ಸಿಗಲು 14 ತಿಂಗಳು ಹಿಡಿಯಿತು. ಇಂಥ ಕೀಲಿನ ಕಾಯಿಲೆಗಳಿಗೆ ರುಮಟಾಲಜಿಸ್ಟ್ ಅನ್ನುವ ಡಾಕ್ಟರೇ ಇರುತ್ತಾರೆ ಅಂತ, ವಿಜ್ಞಾನದ ಟೀಚರ್ ಆದ ನನಗೇ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆ 14 ತಿಂಗಳಲ್ಲಿ ಬಲಗೈಯ ಎರಡು ಬೆರಳು ಸೊಟ್ಟಗಾದವು, ಅವು ಇನ್ನು ನೆಟ್ಟಗಾಗುವುದಿಲ್ಲ.

ಈಗ ರಕ್ತದ ವಿಷಯ.

2022ರ ಫೆಬ್ರವರಿ. ಹಳೆಯ ಮಾತ್ರೆಗಳು ಕೈಕೊಟ್ಟಿದ್ದವು. ಹೊಸ ಮಾತ್ರೆ ಶುರು ಮಾಡೋಣ ಅಂದರು ಡಾಕ್ಟರ್. ಜೊತೆಗೆ, ಒಂದು ಸಂಶೋಧನೆ ನಡೀತಾ ಇದೆ, ಮಾತ್ರೆ ಶುರು ಮಾಡುವ ಮೊದಲು ಒಂದು ಸಲ, ಮೂರು ತಿಂಗಳ ನಂತರ ಒಂದು ಸಲ ರಕ್ತ ಕೊಡ್ತೀರಾ ಅಂತ ಕೇಳಿದರು. ಕೊಡ್ತೀನಿ ಅಂದೆ. ಯಾರೂ ಬಲವಂತ ಮಾಡಲಿಲ್ಲ. ಖಾಲಿ ಹೊಟ್ಟೆಯಲ್ಲಿ ಬನ್ನಿ, ಆವತ್ತು ಬೆಳಗ್ಗೆ ನೋವಿನ ಮಾತ್ರೆ ನುಂಗಬೇಡಿ ಅಂದರು. ಮಡಿಕೇರಿಯಿಂದ ಮೈಸೂರಿಗೇ ಸುಮಾರು 120 ಕಿಲೋಮೀಟರ್, ಆ ಆಸ್ಪತ್ರೆ ಇರುವುದು ಅದಕ್ಕಿಂತ ದೂರ. ನಮ್ಮದು ರೈಲಿಲ್ಲದ ಜಿಲ್ಲೆ. ಬೆಳಗಿನ ಜಾವ ನಾಲ್ಕೂವರೆಗೆ ಮನೆ ಬಿಟ್ಟೆವು. ಈ ಕಾಯಿಲೆಯಲ್ಲಿ ಮೈ ಅತಿ ಜಾಸ್ತಿ ಬಿಗಿಯುವ ಹೊತ್ತು ಅದೇ, ನಿಮಗೆ ನಾನು ಹೇಳಬೇಕಾಗಿಲ್ಲ ಅಲ್ವಾ? ಬಸ್ಸು ಒಂದೊಂದು ತಿರುವಿನಲ್ಲಿ ವಾಲಿದಾಗಲೂ ಮುಂದಿನ ಸೀಟಿನ ಕಂಬಿ ಹಿಡಿದುಕೊಳ್ಳಬೇಕು, ಹಿಡಿಯಲು ಬೆರಳಿಲ್ಲ. ಮೊಣಕೈಯನ್ನೇ ಕಂಬಿಗೆ ಸಿಕ್ಕಿಸಿಕೊಂಡು ಕೂತಿದ್ದೆ. ಸೂಜಿ ಚುಚ್ಚಿದ್ದು ಮಧ್ಯಾಹ್ನ ಹನ್ನೆರಡೂವರೆಗೆ.

ರಕ್ತ ತೆಗೆದವಳು ಒಬ್ಬ ಹುಡುಗಿ, ಪಿಎಚ್‌ಡಿ ಮಾಡುತ್ತಿದ್ದವಳು. ತುಂಬ ಒಳ್ಳೆಯವಳು. ಅವಳ ಮೇಲೆ ನನಗೆ ಯಾವ ದೂರೂ ಇಲ್ಲ. ಫಾರಂ ಮಾತ್ರ ಇಂಗ್ಲಿಷಿನಲ್ಲಿತ್ತು, 11 ಪುಟ. ನಾನು ಓದಬಲ್ಲೆ, ಓದಿದೆ. ನನ್ನ ಪಕ್ಕದಲ್ಲಿ ಚಾಮರಾಜನಗರದ ಕಡೆಯ ಒಬ್ಬ ಹೆಂಗಸು ಕೂತಿದ್ದರು, ಅವರು ಕೊನೆಯ ಪುಟ ತೆರೆದುಕೊಂಡು, ಎಲ್ಲಿ ಸೈನ್ ಹಾಕಬೇಕು ಅಂತ ನನ್ನನ್ನೇ ಕೇಳಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಯಲ್ಲಿ, ಒಪ್ಪಿಗೆ ಕೊಡುವವರಿಗೆ ಅರ್ಥವಾಗುವ ಭಾಷೆಯಲ್ಲೇ ಎಲ್ಲವನ್ನೂ ವಿವರಿಸಬೇಕು ಅಂತ ಇದೆ. ನಿಮ್ಮದೇ ನಿಯಮ ಅದು, ನಾನು ಮಾಡಿದ್ದಲ್ಲ.

ಹುಡುಗಿ ಟ್ಯೂಬಿನ ಮೇಲೆ ಮಾರ್ಕರ್‌ನಲ್ಲಿ 37 ಅಂತ ಬರೆದಳು. ಹೆಸರು ಬರೆಯಲ್ವಾ ಅಂದೆ. ಇಲ್ಲ ಮೇಡಂ, ಗುಟ್ಟಾಗಿರಬೇಕಲ್ಲ ಅಂದಳು. ಈ ರಕ್ತದಲ್ಲಿ ಏನು ನೋಡ್ತೀಯಮ್ಮ ಅಂತ ಕೇಳಿದ್ದಕ್ಕೆ ಅವಳ ಮುಖ ಅರಳಿತು. ಟಿ ಕೋಶ ಅನ್ನುವ ರೋಗನಿರೋಧಕ ಕೋಶಗಳನ್ನು ಬೇರ್ಪಡಿಸಿ, ಅದಕ್ಕೆ ಸಿಗ್ನಲ್ ಕೊಡುವ ಇಂಟರ್‌ಲ್ಯೂಕಿನ್-6 ಹಾಕಿ, ಒಳಗಿನ ಸ್ಟ್ಯಾಟ್ ಪ್ರೋಟೀನು ಎಷ್ಟು ಎಚ್ಚರವಾಗುತ್ತದೆ ಅಂತ ಅಳೀತೀವಿ ಅಂದಳು. ಮಾತ್ರೆಗೆ ಮೊದಲು ಎಷ್ಟು, ನಂತರ ಎಷ್ಟು, ಯಾರಿಗೆ ಮಾತ್ರೆ ಹಿಡಿಯುತ್ತೆ, ಯಾರಿಗೆ ಹಿಡಿಯಲ್ಲ ಅಂತ ಮೊದಲೇ ಹೇಳಲು ಆಗುತ್ತಾ ನೋಡ್ತೀವಿ. ರಿಸಲ್ಟ್ ಬಂದ ಮೇಲೆ ನಿಮಗೆ ಖಂಡಿತ ತಿಳಿಸ್ತೀವಿ. ಈ ಕೊನೆಯ ಮಾತು ಅವಳದು, ಫಾರಂನಲ್ಲಿ ಇರಲಿಲ್ಲ.

ಮೇ ತಿಂಗಳಲ್ಲಿ ಮತ್ತೆ ಹೋದೆ, ಇನ್ನೂ ನಾಲ್ಕು ಟ್ಯೂಬ್ ಕೊಟ್ಟೆ. ಅಷ್ಟೇ. ಆಮೇಲೆ ಒಂದು ಫೋನಿಲ್ಲ, ಒಂದು ಕಾಗದವಿಲ್ಲ. ನಾನೇ ಮೂರು ಸಲ ಬರೆದೆ. ಒಂದಕ್ಕೆ ಉತ್ತರ ಬಂತು, ಸಂಬಂಧಪಟ್ಟವರು ಈಗ ಇಲ್ಲಿಲ್ಲ ಅಂತ. ಆ ಹುಡುಗಿ ಪಿಎಚ್‌ಡಿ ಮುಗಿಸಿ ಎಲ್ಲಿಗೋ ಹೋಗಿರಬೇಕು, ಚೆನ್ನಾಗಿರಲಿ. ಅವಳು ಹೋದರೆ ಹೋಗಲಿ, ನನ್ನ ಎಂಟು ಟ್ಯೂಬು ಎಲ್ಲಿಗೆ ಹೋಯಿತು?

ಇದನ್ನು ಓದಿ ನಾನು ಸಂಶೋಧನೆಯ ವಿರೋಧಿ ಅಂದುಕೊಳ್ಳಬೇಡಿ. ನಾನು ಇವತ್ತು ಈ ಪತ್ರವನ್ನು ನನ್ನ ಕೈಯಲ್ಲೇ ಬರೆಯುತ್ತಿರುವುದು ನಿಮ್ಮಂಥವರ ಕೆಲಸದಿಂದ. ಅದನ್ನೂ ಸ್ವಲ್ಪ ಹೇಳುತ್ತೇನೆ, ಏಕೆಂದರೆ ಇಲ್ಲಿ ಓದುವವರಲ್ಲಿ ಎಷ್ಟೋ ಜನಕ್ಕೆ ಸಿಗ್ನಲ್ ಅಂದರೆ ಮೊಬೈಲಿಗೆ ಬರುವುದು, ಅದೂ ಮನೆ ಹಿಂದಿನ ಗುಡ್ಡ ಹತ್ತಿದರೆ.

ಕೊಡಗಿನ ಸಿದ್ದಾಪುರ, ಅಮ್ಮತ್ತಿ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ರಾತ್ರಿ ತೋಟಕ್ಕೆ ಆನೆ ನುಗ್ಗಿತು ಅಂದುಕೊಳ್ಳಿ. ಮೊದಲು ನೋಡಿದವನು ಕೂಗುತ್ತಾನೆ. ಅದನ್ನು ಕೇಳಿ ಪಕ್ಕದ ಲೈನ್ ಮನೆಯವರು, ಅಂದರೆ ತೋಟದ ಕೂಲಿಗಳ ಸಾಲುಮನೆಯವರು, ತಾವೂ ಕೂಗುತ್ತಾರೆ, ತಗಡು ಬಡಿಯುತ್ತಾರೆ, ಪಟಾಕಿ ಹಚ್ಚುತ್ತಾರೆ. ಆನೆ ಹೋದ ಮೇಲೆ ಯಾರೋ ಹಿರಿಯರು ಬಂದು, ಹೋಯ್ತು ಹೋಯ್ತು, ಮಲಗಿ ಅನ್ನುತ್ತಾರೆ. ಎಲ್ಲ ತಣ್ಣಗಾಗುತ್ತದೆ. ನನ್ನ ಕೀಲಿನ ಕಥೆ ಏನೆಂದರೆ ಅಲ್ಲಿ ಆನೆಯೇ ಇಲ್ಲ. ಯಾರೋ ಯಾವುದೋ ನೆರಳು ನೋಡಿ ಕೂಗಿದ್ದಾನೆ, ಅವನನ್ನು ಕೇಳಿ ಇನ್ನೊಬ್ಬ, ಇನ್ನೊಬ್ಬನನ್ನು ಕೇಳಿ ಮತ್ತೆ ಮೊದಲಿನವನು. ಹತ್ತು ವರ್ಷದಿಂದ ತಗಡು ಬಡಿಯುತ್ತಲೇ ಇದ್ದಾರೆ, ಬಡಿಯುತ್ತಿರುವುದು ನನ್ನ ಗೆಣ್ಣುಗಳ ಮೇಲೆ. ಹತ್ತನೇ ಕ್ಲಾಸಿನಲ್ಲಿ ನಾನು ಇದನ್ನು ಹೀಗೇ ಹೇಳಿಕೊಡುತ್ತೇನೆ. ಸಿಲಬಸ್‌ನಲ್ಲಿ ಇಲ್ಲ, ಆದರೂ ಹೇಳುತ್ತೇನೆ.

ಆ ಕೂಗಿಗೆ ನೀವು ಸೈಟೊಕೈನ್ ಅನ್ನುತ್ತೀರಿ. ಟಿಎನ್‌ಎಫ್ ಅಂತ ಒಂದು, ಇಂಟರ್‌ಲ್ಯೂಕಿನ್-6 ಅಂತ ಇನ್ನೊಂದು, ಹೀಗೆ ಹತ್ತಾರು. 1980ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್ ಅವರ ತಂಡ, ನನ್ನಂಥ ರೋಗಿಗಳ ಕೀಲಿನಿಂದ ತೆಗೆದ ಅಂಗಾಂಶವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಟಿಎನ್‌ಎಫ್ ಒಂದನ್ನೇ ತಡೆದು ನೋಡಿತು. ಉಳಿದ ಕೂಗುಗಳೂ ಇಳಿದವು. 1992ರಲ್ಲಿ ಅವರು ಮತ್ತು ರವೀಂದರ್ ಮೈನಿ ಸೇರಿ ಅದನ್ನು ರೋಗಿಗಳ ಮೇಲೆ ಪರೀಕ್ಷಿಸಿದರು. ಈಗ ಸಾವಿರಾರು ರೂಪಾಯಿ ಬೆಲೆಗೆ ಸಿಗುವ ಆ ಇಂಜೆಕ್ಷನ್‌ಗಳೆಲ್ಲ ಅಲ್ಲಿಂದ ಬಂದವು.

ಆ ಇಂಜೆಕ್ಷನ್ ನನಗೆ ಯಾಕೆ ಹಾಕಲಿಲ್ಲ ಗೊತ್ತಾ? ದುಡ್ಡಿನ ಮಾತು ಇದ್ದೇ ಇದೆ. ಇನ್ನೊಂದು ಕಾರಣ ಫ್ರಿಜ್. ಅದನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಜುಲೈನಲ್ಲಿ ಮರ ಬಿದ್ದು ಕರೆಂಟ್ ಹೋದರೆ ನಮ್ಮಲ್ಲಿ ಮೂರು ದಿನ, ಕೆಲವು ಸಲ ಐದು ದಿನ ಬರುವುದಿಲ್ಲ. ಡಾಕ್ಟರಿಗೆ ಹೇಳಿದೆ, ನಕ್ಕು, ಹಾಗಾದರೆ ಮಾತ್ರೆಯೇ ಸರಿ ಅಂದರು.

ಮಾತ್ರೆಯ ಹೆಸರು ಟೊಫಾಸಿಟಿನಿಬ್. ಇಂಟರ್‌ಲ್ಯೂಕಿನ್-6ರಂಥ ಕೂಗು ಜೀವಕೋಶದ ಬಾಗಿಲಿಗೆ ಬಂದು ತಟ್ಟಿದಾಗ, ಬಾಗಿಲ ಒಳಗೆ ಜ್ಯಾಕ್ ಅನ್ನುವ ಕಿಣ್ವ ಕೂತಿರುತ್ತದೆ. ಅದು ಸ್ಟ್ಯಾಟ್ ಅನ್ನುವ ಪ್ರೋಟೀನನ್ನು ಎಬ್ಬಿಸಿ ಕಳಿಸುತ್ತದೆ, ಸ್ಟ್ಯಾಟ್ ಓಡಿಹೋಗಿ ಕೋಶಕೇಂದ್ರದಲ್ಲಿ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಈ ಮಾತ್ರೆ ಜ್ಯಾಕ್‌ನ ಕೈ ಹಿಡಿದುಕೊಳ್ಳುತ್ತದೆ. ಕೂಗು ಹೊರಗೆ ಇದ್ದೇ ಇರುತ್ತದೆ, ಒಳಗೆ ಕೇಳಿಸುವುದು ಕಡಿಮೆ. ಜ್ಯಾಕ್‌ಗಳಲ್ಲಿ ನಾಲ್ಕು ಬಗೆ. ಅದರಲ್ಲಿ ಜ್ಯಾಕ್3 ಹುಟ್ಟಿನಿಂದಲೇ ಕೆಟ್ಟಿರುವ ಮಕ್ಕಳಿಗೆ ರೋಗನಿರೋಧಕ ಶಕ್ತಿಯೇ ಇರುವುದಿಲ್ಲ, ಚಿಕ್ಕ ಸೋಂಕೂ ಪ್ರಾಣಕ್ಕೆ ಬರುತ್ತದೆ ಅಂತ 1995ರಲ್ಲಿ ತಿಳಿಯಿತು. ಅದೇ ಬಾಗಿಲನ್ನು ಪೂರ್ತಿ ಅಲ್ಲ, ಅರ್ಧ ಮುಚ್ಚಿದರೆ ಹೇಗೆ ಅನ್ನುವ ಯೋಚನೆಗೆ ಆ ಮಕ್ಕಳಿಂದ ದೊಡ್ಡ ಬಲ ಸಿಕ್ಕಿತು. 2012ರಲ್ಲಿ ಅಮೆರಿಕದಲ್ಲಿ ಈ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ನನಗೆ ಆರನೇ ವಾರಕ್ಕೆ ಸೀಮೆಸುಣ್ಣ ಮೊದಲ ಪೀರಿಯಡ್‌ನಲ್ಲೇ ಕೈಗೆ ಬಂತು. ಆವತ್ತು ಬೋರ್ಡ್ ತುಂಬ ಸುಮ್ನೆ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಮಕ್ಕಳು ಕಕ್ಕಾಬಿಕ್ಕಿ.

ಫೆಲ್ಡ್‌ಮನ್ ತಟ್ಟೆಯಲ್ಲಿ ಬೆಳೆದದ್ದು ಯಾರದೋ ಕೀಲಿನ ಚೂರು. ಜ್ಯಾಕ್3ರ ವಿಷಯ ತಿಳಿದದ್ದು ಯಾವುದೋ ಮಗುವಿನ ರಕ್ತದಿಂದ. ಹಾಗೇ ನನ್ನ 37ನೇ ನಂಬರೂ ಯಾರಿಗಾದರೂ ಉಪಯೋಗವಾಗಲಿ ಅಂತಲೇ ಕೊಟ್ಟೆ. ಆದರೆ ಕೊಟ್ಟವರಿಗೆ ಒಂದು ಮಾತು ಹೇಳಬೇಕು ಅಂತ ನಿಮಗೆ ಅನ್ನಿಸುವುದಿಲ್ಲವಾ?

ಹೇಳದೇ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ಎರಡು ಸಂಗತಿ ಹೇಳುತ್ತೇನೆ, ಎರಡೂ ನಾನು ಕಣ್ಣಾರೆ ಕಂಡದ್ದು. ಮೊದಲನೆಯದು ನನ್ನದೇ. 2023ರಲ್ಲಿ ನನಗೆ ಬೆನ್ನಿನಿಂದ ಪಕ್ಕೆಯವರೆಗೆ ಸರ್ಪಸುತ್ತು ಎದ್ದಿತು. ಮನೆಗೆ ಬಂದವರೆಲ್ಲ ನಾಗದೋಷ, ಸುಬ್ರಹ್ಮಣ್ಯಕ್ಕೆ ಹೋಗಿಬನ್ನಿ ಅಂದರು. ಹೋಗಿಬಂದೆ, ಅದರಲ್ಲಿ ನನಗೇನೂ ಬೇಜಾರಿಲ್ಲ. ಆದರೆ ಜ್ಯಾಕ್ ತಡೆಯುವ ಮಾತ್ರೆ ತಗೊಳ್ಳುವವರಲ್ಲಿ ಸರ್ಪಸುತ್ತು ಜಾಸ್ತಿ ಅನ್ನುವುದು ನನಗೆ ಗೊತ್ತಾದದ್ದು ಗುಳ್ಳೆ ಒಣಗಿದ ಮೇಲೆ, ನಾನೇ ಹುಡುಕಿ ಓದಿದಾಗ. ಅದೇ ಹುಡುಕಾಟದಲ್ಲಿ ಇನ್ನೊಂದು ಸಿಕ್ಕಿತು. 50 ದಾಟಿದ, ಹೃದಯದ ಕಾಯಿಲೆಯ ಅಪಾಯ ಇರುವ 4 ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ಟಿಎನ್‌ಎಫ್ ತಡೆಯುವ ಇಂಜೆಕ್ಷನ್‌ಗೆ ಹೋಲಿಸಿದರೆ ಈ ಮಾತ್ರೆ ತಗೊಂಡವರಲ್ಲಿ ಹೃದಯಾಘಾತ, ಕ್ಯಾನ್ಸರ್‌ನಂಥ ತೊಂದರೆ ಹೆಚ್ಚು ಕಂಡವು, 2021ರಲ್ಲೇ ಅಮೆರಿಕದ ಔಷಧ ಇಲಾಖೆ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿತು. ನನಗೆ ಬಿಪಿ ಇದೆ. ಆ ವರ್ಷ 50 ತುಂಬಿತ್ತು. ಡಾಕ್ಟರ ಹತ್ತಿರ ಹೋಗಿ ಕೇಳಿದೆ, ಅವರು ಕೂರಿಸಿಕೊಂಡು ಲೆಕ್ಕ ಹಾಕಿ, ಬಿಪಿ ಹತೋಟಿಯಲ್ಲಿದೆ, ಸಿಗರೇಟಿಲ್ಲ, ಮುಂದುವರಿಸೋಣ, ಆದರೆ ಮೂರು ತಿಂಗಳಿಗೊಮ್ಮೆ ನೋಡೋಣ ಅಂದರು. ನಾನೂ ಒಪ್ಪಿದೆ. ಗೊತ್ತಿದ್ದು ಒಪ್ಪುವುದು ಬೇರೆ, ಗೊತ್ತಿಲ್ಲದೆ ನುಂಗುವುದು ಬೇರೆ.

ಎರಡನೆಯದು ನಮ್ಮ ಪಕ್ಕದ ತೋಟದ ಲೈನ್ ಮನೆಯ ಅಕ್ಕನದು. ಕಾಫಿ ಕುಯ್ಯುವವರು. ಅವರಿಗೂ ಇದೇ ಕಾಯಿಲೆ. ಒಂದು ಜನವರಿಯಲ್ಲಿ, ರೋಬಸ್ಟಾ ಕುಯ್ಲಿನ ಹೊತ್ತಲ್ಲಿ, ನಾಲ್ಕು ದಿನದಿಂದ ಕೆಲಸಕ್ಕೆ ಬಂದಿಲ್ಲ ಅಂತ ತೋಟದ ಲೆಕ್ಕ ಬರೆಯುವ ರೈಟರ್ ಹೇಳಿದರು. ಹೋಗಿ ನೋಡಿದೆ. ಮೂಲೆಯಲ್ಲಿ ಚಾಪೆ ಮೇಲೆ ಮಲಗಿದ್ದರು, ಪಕ್ಕದಲ್ಲಿ ಗಂಜಿ ಹಾಗೇ ಕೆನೆ ಕಟ್ಟಿತ್ತು. ಬಾಯಿ ತೆಗೀರಿ ಅಕ್ಕ ಅಂದೆ. ತುಟಿಯ ಒಳಗೆಲ್ಲ ಬಿಳಿ ಹುಣ್ಣು, ನಾಲಿಗೆ ಸುಲಿದು ಕೆಂಪಗಾಗಿತ್ತು. ಮಾತ್ರೆ ತೋರಿಸಿ ಅಂದರೆ ದಿಂಬಿನ ಕೆಳಗಿನಿಂದ ಒಂದು ಕವರ್ ತೆಗೆದರು. ಮೆಥೊಟ್ರೆಕ್ಸೇಟ್. ಚೀಟಿಯಲ್ಲಿ ವಾರಕ್ಕೊಮ್ಮೆ ಅಂತ ಇಂಗ್ಲಿಷಿನಲ್ಲಿ ಗೀಚಿತ್ತು. ಮೆಡಿಕಲ್‌ನವರು ಕವರಿನ ಮೇಲೆ ಅಭ್ಯಾಸಬಲದಿಂದ 1-0-0 ಅಂತ, ಅಂದರೆ ದಿನಾ ಬೆಳಗ್ಗೆ ಒಂದು ಅಂತ ಬರೆದಿದ್ದರು.

"ದಿನಾ ನುಂಗ್ತಿದ್ದೆ ಟೀಚರಮ್ಮ, ಕುಯ್ಲು ಮುಗಿಯೋದ್ರೊಳಗೆ ವಾಸಿಯಾಗ್ಲಿ ಅಂತ."

ಮೆಥೊಟ್ರೆಕ್ಸೇಟ್ ಈ ಕಾಯಿಲೆಗೆ ವಾರಕ್ಕೆ ಒಂದೇ ದಿನ. ದಿನಾ ತಗೊಂಡರೆ ಅದು ವಿಷ, ರಕ್ತಕಣಗಳೇ ಬಿದ್ದುಹೋಗುತ್ತವೆ. ರೈಟರ್ ಜೀಪಿನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹನ್ನೆರಡು ದಿನ ಇದ್ದು ಬದುಕಿ ಬಂದರು. ಇದು ಹಳೆಯ ಮಾತ್ರೆ, ಒಳ್ಳೆಯ ಮಾತ್ರೆ, ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್ ಅಮೆರಿಕದಲ್ಲಿ ಮುನ್ನಡೆಸಿದ ತಂಡದ ಕೆಲಸದಿಂದ ಬಂದದ್ದು, ಇವತ್ತಿಗೂ ಈ ಕಾಯಿಲೆಗೆ ಮೊದಲು ಕೊಡುವುದು ಇದನ್ನೇ. ಅಂಥ ಮಾತ್ರೆ ಒಬ್ಬ ಕೂಲಿ ಹೆಂಗಸನ್ನು ಸಾವಿನ ಬಾಗಿಲಿಗೆ ತಂದದ್ದು ಬರೀ ಒಂದು ಸಾಲನ್ನು ಕನ್ನಡದಲ್ಲಿ ಬರೆಯದೇ ಇದ್ದುದಕ್ಕೆ. ಇದರಲ್ಲಿ ವಿಜ್ಞಾನಿಗಳಾದ ನಮ್ಮ ತಪ್ಪೇನು ಅಂತ ಕೇಳಬಹುದು. ನೇರ ತಪ್ಪಿಲ್ಲ. ಆದರೆ ಲ್ಯಾಬಿನಲ್ಲಿ ಕಂಡದ್ದು ಚಾಪೆಯ ಮೇಲೆ ಮಲಗಿದವರಿಗೆ ತಲುಪುವ ದಾರಿ ಇದು, ಇದರ ಬಗ್ಗೆ ಯಾರೂ ತಮ್ಮ ಕೆಲಸ ಅಂದುಕೊಂಡಿಲ್ಲ.

ನೀವು ಏನು ಉತ್ತರ ಕೊಡಬಹುದು ಅಂತಲೂ ಯೋಚಿಸಿದ್ದೇನೆ. ಸಂಶೋಧನೆಗೆ ಸಮಯ ಹಿಡಿಯುತ್ತೆ ಅನ್ನಬಹುದು. ಗೊತ್ತು. 2025ರ ವೈದ್ಯಕೀಯ ನೊಬೆಲ್ ಘೋಷಣೆಯಾದಾಗ ನಾನು ಕ್ಲಾಸಿನಲ್ಲಿ ಚಪ್ಪಾಳೆ ಹೊಡೆಸಿದವಳು. ನನ್ನ ಆನೆ ಕಥೆಯಲ್ಲಿ "ಹೋಯ್ತು, ಮಲಗಿ" ಅನ್ನುವ ಹಿರಿಯರಿದ್ದಾರಲ್ಲ, ಆ ಕೆಲಸ ಮಾಡುವ ಟಿ ಕೋಶಗಳ ಬಗ್ಗೆ ಅದು. ಶಿಮೊನ್ ಸಕಾಗುಚಿ ಅವನ್ನು ಗುರುತಿಸಿದ್ದು 1995ರಲ್ಲಿ. ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ 2001ರಲ್ಲಿ ಫಾಕ್ಸ್‌ಪಿ3 ಅನ್ನುವ, ಆ ಕೋಶಗಳಿಗೆ ಬೇಕಾದ ಜೀನ್ ಕಂಡುಹಿಡಿದದ್ದು ಒಂದು ಜಾತಿಯ ರೋಗಿಷ್ಠ ಇಲಿಗಳಿಂದ, ಆ ಇಲಿಗಳು ಅಮೆರಿಕದ ಒಂದು ಲ್ಯಾಬಿನಲ್ಲಿ ಮೊದಲು ಕಾಣಿಸಿಕೊಂಡದ್ದು 1940ರ ದಶಕದಲ್ಲಿ. ಅರ್ಧ ಶತಮಾನ! ಇಲಿಗಳಿಗೇ ಅಷ್ಟು ಸಮಯ ಹಿಡಿದಿರುವಾಗ ನನಗೆ ನಾಳೆಯೇ ವಾಸಿ ಮಾಡಿ ಅಂತ ನಾನು ಕೇಳುತ್ತಿಲ್ಲ. ನಾನು ಕೇಳುತ್ತಿರುವುದು ಒಂದು ಪುಟದ ಕಾಗದ.

ಒಬ್ಬೊಬ್ಬರ ರಿಸಲ್ಟಿಗೆ ಅರ್ಥವಿಲ್ಲ, ಎಲ್ಲರದ್ದೂ ಸೇರಿಸಿದರೆ ಮಾತ್ರ ಅರ್ಥ ಅನ್ನಬಹುದು. ಸರಿ, ಎಲ್ಲರದ್ದೂ ಸೇರಿಸಿಯೇ ಹೇಳಿ. ಏನೂ ಸಿಗಲಿಲ್ಲ ಅಂತಾದರೆ ಅದನ್ನೇ ಬರೆಯಿರಿ, ಬೇಜಾರಿಲ್ಲ. ರಕ್ತ ಹಾಳಾಯಿತು ಅಂತಾದರೆ ಅದನ್ನೂ ಹೇಳಿ. ಹೆಸರು ಗುಟ್ಟಾಗಿರಬೇಕು, ಹಾಗಾಗಿ ಯಾರು ಯಾರು ಅಂತ ನಮಗೇ ಗೊತ್ತಾಗಲ್ಲ ಅನ್ನಬಹುದು. ನಂಬರ್ ಹಾಕಿದ್ದು ನನ್ನ ಹೆಸರು ಮುಚ್ಚಲು, ನಿಮ್ಮ ಬಾಯಿ ಮುಚ್ಚಲು ಅಲ್ಲ. ಎರಡನೇ ಸಲ ರಕ್ತ ಕೊಡಲು ಬನ್ನಿ ಅಂತ ಫೋನ್ ಮಾಡುವಾಗ 37 ಯಾರು ಅಂತ ಗೊತ್ತಿತ್ತಲ್ಲ.

ಇನ್ನೊಂದು ಉತ್ತರ ಆ ಹುಡುಗಿಯೇ ಕೊಟ್ಟಿದ್ದಳು. ರಕ್ತ ತೆಗೆದ ಕೆಲವೇ ಗಂಟೆಯೊಳಗೆ ಕೋಶಗಳನ್ನು ಬೇರ್ಪಡಿಸಬೇಕು, ಇಲ್ಲದಿದ್ದರೆ ಸಿಗ್ನಲ್ ಅಳೆಯಲು ಆಗಲ್ಲ, ಅದಕ್ಕೇ ನೀವೇ ಇಲ್ಲಿಗೆ ಬರಬೇಕು ಅಂತ. ಒಪ್ಪುತ್ತೇನೆ. ಆದರೆ ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ರಕ್ತ ತಿರುಗಿಸಿ ಕೋಶ ಬೇರ್ಪಡಿಸಲು ಒಂದಿಬ್ಬರಿಗೆ ತರಬೇತಿ ಕೊಟ್ಟರೆ ಆಗದ ಕೆಲಸವಾ ಅದು? ಊದಿದ ಕೈಯವಳು ನಾಲ್ಕೂವರೆಗೆ ಮನೆ ಬಿಟ್ಟು ಬರುವುದಕ್ಕಿಂತ ನಿಮ್ಮ ಐಸ್ ಪೆಟ್ಟಿಗೆ ಘಟ್ಟ ಹತ್ತುವುದು ಸುಲಭ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ದೊಡ್ಡ ಊರಿಗೆ ಬಂದು ರಕ್ತ ಕೊಡಲು ಆಗುವುದು ನನ್ನಂಥವರಿಗೆ ಮಾತ್ರ. ಸಂಬಳದ ರಜೆ ಇದೆ, ಜೊತೆಗೆ ಬರಲು ಗಂಡ ಇದ್ದಾರೆ. ಲೈನ್ ಮನೆಯ ಅಕ್ಕ ಒಂದು ದಿನ ಬಂದರೆ ಆ ದಿನದ ಕೂಲಿ ಹೋಯಿತು. ಹಾಗಾಗಿ ನಿಮ್ಮ ಲೆಕ್ಕದಲ್ಲಿ ಅವರು ಯಾವತ್ತೂ ಇರುವುದಿಲ್ಲ. ನಿಮ್ಮ ಫಾರಂನಲ್ಲಿ ಬೀಡಿ, ಸಿಗರೇಟು ಸೇದುತ್ತೀರಾ ಅಂತ ಇತ್ತು, ಸೇದುವವರಲ್ಲಿ ಈ ಕಾಯಿಲೆ ಜಾಸ್ತಿ, ಅದಕ್ಕೇ ಕೇಳಿದ್ದು ಅಂತ ಗೊತ್ತು. ಸೌದೆ ಒಲೆ ಮುಂದೆ ದಿನಕ್ಕೆ ಎಷ್ಟು ಹೊತ್ತು ಕೂರುತ್ತೀರಾ ಅಂತ ಎಲ್ಲೂ ಇರಲಿಲ್ಲ. ಔಷಧಿ ಹೊಡೆದ ತೋಟದಲ್ಲಿ ಕೆಲಸ ಮಾಡಿದ್ದೀರಾ ಅಂತ ಇರಲಿಲ್ಲ. ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತಾ ಅಂತ ಒಂದೇ ಸಾಲು. ಟಿಎನ್‌ಎಫ್ ತಡೆದರೆ ಒಳಗೆ ಮಲಗಿದ್ದ ಟಿಬಿ ಎದ್ದು ಕೂರುತ್ತದೆ, ಜ್ಯಾಕ್ ಮಾತ್ರೆಗೂ ಅದೇ ಭಯ. ಒಂದೇ ಕೋಣೆಯಲ್ಲಿ ಆರು ಜನ ಮಲಗುವ ಲೈನ್ ಮನೆಗಿಂತ ಇದು ಮುಖ್ಯವಾಗಿರುವ ಜಾಗ ಬೇರೆ ಯಾವುದಿದೆ?

2019ರಲ್ಲಿ ಕೊಡಗಿಗೆ ಒಂದು ತುರ್ತು ಆಸ್ಪತ್ರೆ ಬೇಕು ಅಂತ ಆನ್‌ಲೈನ್‌ನಲ್ಲಿ ದೊಡ್ಡ ಕೂಗೆದ್ದಿತ್ತು, ನೆನಪಿರಬಹುದು. ನಾನೂ ಆಗ ಫೋಟೋ ಹಾಕಿದ್ದೆ. ಈಗ ಅಷ್ಟು ದೊಡ್ಡದು ಕೇಳುತ್ತಿಲ್ಲ.

ಇಲ್ಲಿಯವರೆಗೆ ಯಾರ ಯಾರ ರಕ್ತ ತಗೊಂಡಿದ್ದೀರೋ ಅವರಿಗೆಲ್ಲ ಕನ್ನಡದಲ್ಲಿ ಒಂದು ಪುಟ ಬರೆದು ಕಳಿಸಿ. ಏನು ಹುಡುಕಿದಿರಿ, ಏನು ಸಿಕ್ಕಿತು, ಉಳಿದ ರಕ್ತ ಎಲ್ಲಿದೆ. ಮುಂದೆ ಹಣ ಮಂಜೂರು ಮಾಡುವಾಗ ಈ ಒಂದು ಪುಟ ಕಳಿಸದೆ ಕೊನೆಯ ಕಂತು ಬಿಡುಗಡೆ ಮಾಡುವುದಿಲ್ಲ ಅಂತ ಒಂದು ಷರತ್ತು ಹಾಕಿ, ಅಧಿಕಾರಿಗಳೇ, ಇದಕ್ಕೆ ನಯಾಪೈಸೆ ಖರ್ಚಿಲ್ಲ. ಒಪ್ಪಿಗೆಯ ಫಾರಂ ಕನ್ನಡದಲ್ಲಿರಲಿ, ಓದಲು ಬಾರದವರಿಗೆ ಓದಿ ಹೇಳಿ, ಯರವ ಬುಡಕಟ್ಟಿನ ಮಾತಾಡುವವರಿಗೆ ಆ ಮಾತು ಬಲ್ಲವರಿಂದಲೇ ಹೇಳಿಸಿ. ತಿಂಗಳಿಗೆ ಒಂದು ದಿನ, ಒಂದೇ ದಿನ, ಒಬ್ಬ ರುಮಟಾಲಜಿಸ್ಟ್ ಮಡಿಕೇರಿಗೆ ಬರುವಂತೆ ಮಾಡಿ. ಚಿಕಿತ್ಸೆಯೂ ಆಗುತ್ತದೆ, ನಿಮಗೆ ಬೇಕಾದ ರಕ್ತವೂ ಸಿಗುತ್ತದೆ. ಆವತ್ತು ನಾನೇ ಬಾಗಿಲಲ್ಲಿ ಕೂತು ಟೋಕನ್ ಕೊಡುತ್ತೇನೆ. ಮೆಥೊಟ್ರೆಕ್ಸೇಟ್ ಕೊಡುವ ಕವರಿನ ಮೇಲೆ ವಾರದ ಹೆಸರು ಬರೆಸಿ, "ಸೋಮವಾರ ಮಾತ್ರ" ಅಂತ, ದೊಡ್ಡ ಅಕ್ಷರದಲ್ಲಿ. ಓದಲು ಬಾರದಿದ್ದರೆ ಸಂತೆ ದಿನ ಅಂತ ಬಾಯಲ್ಲಿ ಹೇಳಿ, ಸಂತೆ ಯಾವತ್ತು ಅಂತ ನಮ್ಮಲ್ಲಿ ಯಾರೂ ಮರೆಯುವುದಿಲ್ಲ. ಅಕ್ಕನಿಗೆ ನಾನು ಹಾಗೇ ಹೇಳಿಕೊಟ್ಟಿದ್ದೇನೆ, ಆಮೇಲೆ ಒಮ್ಮೆಯೂ ತಪ್ಪಿಲ್ಲ.

ಮುಂದಿನ ತಿಂಗಳು ನನ್ನ ಚೆಕಪ್ ಇದೆ, ಅದೇ ಆಸ್ಪತ್ರೆಗೆ ಬರುತ್ತೇನೆ. ರಕ್ತ ಬೇಕಿದ್ದರೆ ಇನ್ನೊಮ್ಮೆ ಕೊಡುತ್ತೇನೆ, ನೋವಿನ ಮಾತ್ರೆ ನುಂಗದೆಯೇ ಬರುತ್ತೇನೆ. ಹಳೆಯ ಎಂಟು ಟ್ಯೂಬಿನ ಕಥೆ ಹೇಳಲು ಯಾರಾದರೂ ಒಬ್ಬರು ಸಿಕ್ಕರೆ ಸಾಕು.

ಇಂತಿ,
ನಾಪೋಕ್ಲು ಕಡೆಯ ಒಬ್ಬ ಟೀಚರ್,
ನಿಮ್ಮ ಫ್ರೀಜರ್‌ನಲ್ಲಿ 37ನೇ ನಂಬರ್.